ಸಿಬಿರೆದ್ದ ಬಿಲ್ಲಿಗೆ ಅಂಟೋ, ನೂಲೋ, ಬಿದಿರೋ?

ಹೆದೆಯನ್ನು ಕೆನ್ನೆಯ ತನಕ ಎಳೆದಿದ್ದೆ. ಬಿಲ್ಲಿನ ಮೇಲಿನ ತೋಳಿನಲ್ಲಿ 'ಟಿಕ್' ಎಂದಿತು. ಒಣಗಿದ ಅಡಿಕೆಯ ಸಿಪ್ಪೆ ಬಿಡುವ ಸದ್ದಿಗಿಂತಲೂ ಸಣ್ಣದು. ಬಾಣ ಬಿಡುವ ಧೈರ್ಯವಾಗಲಿಲ್ಲ. ಉಸಿರು ಬಿಗಿಹಿಡಿದು ಹೆದೆಯನ್ನು ಮೆಲ್ಲಗೆ ಸಡಿಲಿಸಿ, ಜಗಲಿಯ ಮೇಲೆ ಕುಳಿತು, ಕನ್ನಡಕ ಹಾಕಿಕೊಂಡು ನೋಡಿದೆ. ಏನೂ ಕಾಣಲಿಲ್ಲ.

ಭಾವ ಇಂಗ್ಲೆಂಡಿನಿಂದ ತಂದುಕೊಟ್ಟ ಬಿಲ್ಲು ಅದು. ಆ್ಯಶ್ ಮರದ್ದು, ಆರಡಿ ಉದ್ದ, ಹೆದೆಯನ್ನು 28 ಇಂಚು ಎಳೆಯಲು 40 ಪೌಂಡ್, ಅಂದರೆ ಸುಮಾರು 18 ಕಿಲೋ ಬಲ ಬೇಕು. ತಪ್ಪು ಬಿಲ್ಲಿನದಲ್ಲ, ನನ್ನದು. ಬದಿಯಡ್ಕದ ಈ ಕಡೆ ಮಳೆ ಹಿಡಿದರೆ ಗೋಡೆಗೂ ಬೂಸು ಬರುತ್ತದೆ. ಬಿಲ್ಲಿಗೆ ತೇವ ತಾಗಬಾರದೆಂದು ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ, ಹುಣಸೆಹುಳಿಯ ಭರಣಿಯ ಪಕ್ಕ ಮಲಗಿಸಿದ್ದೆ. ತೇವ ಹಿಡಿದ ಮರ ಮೆತ್ತಗಾಗಿ ಬಾಗಿದಲ್ಲೇ ನಿಲ್ಲುತ್ತದೆ ಎಂಬುದು ಗೊತ್ತಿತ್ತು. ಅತಿಯಾಗಿ ಒಣಗಿದ ಮರ ಹಪ್ಪಳದ ಹಾಗೆ ಮುರುಕಾಗುತ್ತದೆ ಎಂಬುದು ತಲೆಗೆ ಹೋಗಿರಲಿಲ್ಲ. ಬಿಲ್ಲಿನ ಮರದಲ್ಲಿ ನೂರಕ್ಕೆ ಎಂಟು-ಹತ್ತರಷ್ಟು ತೇವ ಉಳಿದಿರಬೇಕು. ನನ್ನ ಅಟ್ಟದಲ್ಲಿ ಅಷ್ಟು ಉಳಿದಿರುವುದು ಸಾಧ್ಯವೇ ಇರಲಿಲ್ಲ.

ಸಲಹೆಗಳಿಗೆ ಬರವಿರಲಿಲ್ಲ. ಸಿಬಿರೆದ್ದಿದ್ದರೆ ಕೆರೆದು ತೆಗೆದುಬಿಡಿ ಎಂದರು ಪಕ್ಕದ ಮನೆಯವರು. ತಕ್ಷಣ ಅಂಟುವ ಅಂಟು ಎರಡು ಹನಿ ಸಾಕು ಎಂದ ಅಳಿಯ. ಬೆನ್ನಿಗೆ ಬಿದಿರಿನ ಪಟ್ಟಿ ಹಾಕು, ಮೊದಲಿಗಿಂತ ಗಟ್ಟಿಯಾಗುತ್ತದೆ ಎಂದು ಭಾವ ಫೋನಿನಲ್ಲೇ ಅರ್ಧ ಗಂಟೆ ಪಾಠ ಮಾಡಿದರು. ನಮ್ಮ ಮನೆಯ ಕಿಟಕಿ ಬಾಗಿಲು ಮಾಡಿದ ಆಚಾರಿ ಮಾತ್ರ ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ ಹೇಳಿದ್ದು: "ಮಾಷ್ಟ್ರೇ, ಎಲ್ಲಿ ಒಡೆದಿದೆ ಎಂದು ಮೊದಲು ನೋಡುವ. ಅಂಟು ಮತ್ತೆ ತರುವ."

ನೋಡುವುದಕ್ಕೆ ಎರಡು ಉಪಾಯಗಳಿವೆ. ಒಂದು, ಹತ್ತಿ. ದೇವರ ದೀಪದ ಬತ್ತಿಗೆ ಇಟ್ಟ ಹತ್ತಿಯಿಂದ ಒಂದು ಉಂಡೆ ತೆಗೆದು ಬಿಲ್ಲಿನ ಬೆನ್ನ ಮೇಲೆ, ಅಂದರೆ ಬಾಣ ಬಿಡುವವನಿಗೆ ಆಚೆಯಿರುವ ಮೈಮೇಲೆ, ಮೇಲಿನಿಂದ ಕೆಳಕ್ಕೆ ಹಗುರವಾಗಿ ಸವರಿದೆ. ಹಿಡಿಯಿಂದ ಒಂದೂವರೆ ಗೇಣು ಮೇಲೆ, ಕಡಲೆಕಾಳಿನಷ್ಟು ದೊಡ್ಡ ಗಂಟಿನ ಬಳಿ, ನಾಲ್ಕೈದು ಎಳೆಗಳು ಮರಕ್ಕೆ ಕಚ್ಚಿಕೊಂಡು ನಿಂತವು. ಕಣ್ಣಿಗೆ ಕಾಣದ ಸಿಬಿರನ್ನು ಹತ್ತಿ ಹಿಡಿದುಕೊಟ್ಟಿತ್ತು. ಇನ್ನೊಂದು, ಮಸಿ. ದೀಪದ ಮಸಿಗೆ ಎರಡು ಹನಿ ಎಣ್ಣೆ ಬೆರೆಸಿ ಹಚ್ಚಿ ಒರೆಸಿದರೆ ಬಿರುಕಿನೊಳಗೆ ಇಳಿದ ಮಸಿ ಅಲ್ಲೇ ಉಳಿದು ಗೆರೆಯಾಗಿ ಕಾಣುತ್ತದೆ. ಆದರೆ ಅಂಟು ಹಾಕಬೇಕಾದ ಕಡೆ ಎಣ್ಣೆ ಮುಟ್ಟಿಸಬಾರದು. ಹಾಗಾಗಿ ಮಸಿಯನ್ನು ಹೊಟ್ಟೆಗೆ, ಅಂದರೆ ನಮಗೆ ಎದುರಾಗುವ ಮೈಗೆ ಮಾತ್ರ ಹಚ್ಚಿದೆ. ಅಲ್ಲಿ ಒಂದು ಗೆರೆಯೂ ಉಳಿಯಲಿಲ್ಲ.

ಆಚಾರಿಯ ಮುಖ ಆಗಲೇ ಸಡಿಲವಾದದ್ದು. ಬಾಗಿದ ಬಿಲ್ಲಿನಲ್ಲಿ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಬೆನ್ನಿನಲ್ಲಿ ಎಳೆಯುದ್ದಕ್ಕೆ ಎದ್ದ ಸಿಬಿರೆಂದರೆ ಬಿಡಿಸಿಕೊಂಡು ಹೊರಟ ನಾರು, ಅದನ್ನು ನೂಲು ಸುತ್ತಿ ಕಟ್ಟಿಹಾಕಬಹುದು ಎಂಬುದು ಆಚಾರಿಯ ಮಾತು. ಬೆನ್ನಿನಲ್ಲೇ ಬಿರುಕು ಅಡ್ಡಕ್ಕೆ ಹೋಗಿದ್ದರೆ ಆ ನಾರುಗಳು ತುಂಡಾಗಿವೆ ಎಂದರ್ಥ, ಅಲ್ಲಿಗೆ ಮಾತು ಮುಗಿಯಿತು. ಹೊಟ್ಟೆಯಲ್ಲಿ ಉಗುರಿನಿಂದ ಗೀರಿದಂಥ ಅಡ್ಡಗೆರೆಗಳು ಕಂಡರೆ ಮರ ಒಳಗೇ ನುಜ್ಜುಗುಜ್ಜಾಗಿದೆ. ನುಜ್ಜಾದದ್ದನ್ನು ಯಾವ ನೂಲೂ ನೆಟ್ಟಗೆ ಮಾಡುವುದಿಲ್ಲ. ಇನ್ನು ಮರ ಒಣಗುವಾಗ ಉದ್ದಕ್ಕೆ ಬಿಡುವ ಸಣ್ಣ ಸೀಳು, ಅಂಚಿಗೆ ಓಡಿಹೋಗದೆ ನಡುವೆಯೇ ಇದ್ದರೆ, ಹೆದರಬೇಕಾದದ್ದೇ ಅಲ್ಲ. ಅಂಟು ತುಂಬಿ ಮರೆತುಬಿಡಬಹುದು.

ಕೆರೆಯುವ ಸಲಹೆಯನ್ನು ಅಲ್ಲಿಯೇ ಕೈಬಿಟ್ಟೆ. ಮರ ವರ್ಷಕ್ಕೊಂದರಂತೆ ಬೆಳೆಸುವ ಬಳೆಗಳಲ್ಲಿ ಒಂದೇ ಬಳೆ ಬೆನ್ನಿನಲ್ಲಿ ತುದಿಯಿಂದ ತುದಿಗೆ ತುಂಡಾಗದೆ ಓಡಬೇಕು, ಕೆರೆದರೆ ಅದೇ ತುಂಡಾಗುತ್ತದೆ. ಮೇಲಾಗಿ ಮರದ ಬಿಗಿ ಅದರ ದಪ್ಪದ ಘನಕ್ಕೆ ಸರಿಯಾಗಿ ಏರಿಳಿಯುತ್ತದೆ. ಹತ್ತರಲ್ಲಿ ಒಂದು ಪಾಲು ದಪ್ಪ ಹೋದರೆ ಕಾಲು ಪಾಲಿಗಿಂತ ಹೆಚ್ಚು ಬಿಗಿ ಹೋಯಿತು. ಆಮೇಲೆ ಬಿಲ್ಲು ಅಲ್ಲಿಯೇ ಹೆಚ್ಚು ಬಾಗಿ ಅಲ್ಲಿಯೇ ಮುರಿಯುತ್ತದೆ.

ಉಳಿದ ಸಲಹೆಗಳನ್ನು ಭಾವನ ಬಿಲ್ಲಿನ ಮೇಲೆ ನೇರವಾಗಿ ಪ್ರಯೋಗಿಸಲು ಮನಸ್ಸಾಗಲಿಲ್ಲ. ಕೊಡಲಿಯ ಕಾವಿಗೆಂದು ಆಚಾರಿ ಇಟ್ಟಿದ್ದ ತಡಸಲಿನ ಹಲಗೆಯೊಂದು ಸಿಕ್ಕಿತು. ತಡಸಲು ಬಾಗುವ ಮರ, ಸಂಸ್ಕೃತದಲ್ಲಿ ಅದಕ್ಕೆ ಧನುರ್ವೃಕ್ಷ ಎಂದೇ ಹೆಸರು. ಒಂದೇ ಹಲಗೆಯಿಂದ ಐದೂವರೆ ಅಡಿಯ ಮೂರು ಬಿಲ್ಲುಗಳನ್ನು ಮಾಡಿದೆವು. ಹೆದೆಗೆ ಕೊಕ್ಕೆಯ ತಕ್ಕಡಿ ಸಿಕ್ಕಿಸಿ ಎಳೆದು ನೋಡಿದರೆ ಮೂರರ ಬಲವೂ ಹದಿಮೂರು-ಹದಿನಾಲ್ಕು ಕಿಲೋ. ಆಮೇಲೆ ಮನಸ್ಸು ಕಲ್ಲು ಮಾಡಿಕೊಂಡು ಮೂರರ ಬೆನ್ನಿನಲ್ಲೂ ಒಂದೇ ಜಾಗದಲ್ಲಿ ಉಳಿಯಿಂದ ಎರಡು ಇಂಚಿನ ಸಿಬಿರು ಎಬ್ಬಿಸಿದೆ. ಗುರಿಗೆ ಬಾಳೆದಿಂಡು. ಮುರಿದ ಬಿಲ್ಲಿನ ತುಂಡು ಮುಖಕ್ಕೆ ಬಡಿಯಬಾರದೆಂದು ತಲೆಗೆ ಬೈಕಿನ ಹೆಲ್ಮೆಟ್. ಹಾಲಿನವನು ಅಂಗಳದಲ್ಲಿ ನಿಂತು, "ಎಲ್ಲಿಗೆ ಹೊರಟದ್ದು ಮಾಷ್ಟ್ರೇ?" ಎಂದು ಕೇಳಿದ.

ಅಂಟು ಮಾತ್ರ ಹಾಕಿದ ಬಿಲ್ಲಿನ ಕಥೆ ಚಿಕ್ಕದು. ತಕ್ಷಣ ಅಂಟುವ ಅಂಟು ನೀರಿನಷ್ಟು ತೆಳು, ಬಿರುಕಿನ ಬುಡದ ತನಕ ಇಳಿಯುತ್ತದೆ. ಅದು ಅದರ ಗುಣ. ಒಣಗಿದ ಮೇಲೆ ಗಾಜಿನಂತೆ ಬಿರುಸು. ಅದು ಅದರ ದೋಷ. ಮೂವತ್ತೇಳನೆಯ ಬಾಣಕ್ಕೆ ಸಿಬಿರು ಮತ್ತೆ ಎದ್ದಿತು, ಈ ಸಲ ಮೂರು ಇಂಚು.

ಬಿದಿರಿನ ಪಟ್ಟಿಗೆ ಹೆಚ್ಚು ಬೆವರು ಸುರಿಸಿದೆ. ಭಾವನ ವಾದ ತೆಗೆದುಹಾಕುವಂಥದ್ದಾಗಿರಲಿಲ್ಲ. ಇಂಗ್ಲೆಂಡಿನ ಹಳೆಯ ಯುದ್ಧದ ಬಿಲ್ಲುಗಳು ಯೂ ಮರದವು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆ ಬಂದ ಮೇರಿ ರೋಸ್ ಹಡಗಿನಲ್ಲಿ ಅಂಥವು ನೂರಕ್ಕಿಂತ ಹೆಚ್ಚು ಸಿಕ್ಕಿವೆ. ಆ ಮರದ ಹೊರಗಿನ ಬಿಳಿ ಪದರ ಎಳೆತವನ್ನು ತಾಳುತ್ತದೆ, ಒಳಗಿನ ಚೇಗು ಒತ್ತಡವನ್ನು ತಾಳುತ್ತದೆ. ಯೂ ಮರಕ್ಕೆ ಹುಟ್ಟಿನಿಂದ ಬಂದದ್ದನ್ನು ನಾವು ಬಿದಿರು ಅಂಟಿಸಿ ಮಾಡುತ್ತೇವೆ, ಅಷ್ಟೇ. ಬಿದಿರಿನ ಗಟ್ಟಿ ನಾರುಗಳೆಲ್ಲ ಸಿಪ್ಪೆಯ ಕಡೆಗೇ ಒತ್ತಾಗಿ ಇರುವುದರಿಂದ ಸಿಪ್ಪೆಯನ್ನು ಮುಟ್ಟದೆ ಒಳಮೈಯನ್ನು ಮಾತ್ರ ಕೀಸಿ ಚಪ್ಪಟೆ ಮಾಡಬೇಕು. ಬಿಲ್ಲಿನ ಬೆನ್ನನ್ನೂ ಸಿಬಿರಿನ ಸಮೇತ ಕೀಸಬೇಕು. ಎರಡಕ್ಕೂ ಎಪಾಕ್ಸಿ ಅಂಟು ಹಚ್ಚಿ, ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಬಿಗಿಯಾಗಿ ಸುತ್ತಿ, ಒಂದು ಹಗಲು ಒಂದು ರಾತ್ರಿ ಬಿಟ್ಟೆ. ಖರ್ಚು ನಾನೂರು ರೂಪಾಯಿಯ ಹತ್ತಿರ ಬಂತು, ಎರಡು ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಟ್ಯೂಬು ಬಿಚ್ಚಿ ತೂಗಿದರೆ ಹತ್ತೊಂಬತ್ತು ಕಿಲೋ! ಭಾವನಿಗೆ ಫೋಟೋ ಕಳುಹಿಸಿ ಬೀಗಿದೆ. ಎಂಬತ್ತು ಬಾಣಗಳ ತನಕ ಬಿಲ್ಲು ರಾಜನ ಹಾಗಿತ್ತು. ಆಮೇಲೆ ಎಸೆತ ಮಂಕಾಗತೊಡಗಿತು, ಹೆದೆ ಬಿಚ್ಚಿದರೂ ತೋಳು ಬಾಗಿಯೇ ಇರತೊಡಗಿತು. ಮಸಿ ಹಚ್ಚಿ ಒರೆಸಿದೆ. ಹೊಟ್ಟೆಯ ತುಂಬ ಅಡ್ಡಗೆರೆ, ಎಣಿಸಿದರೆ ಒಂಬತ್ತು. ಬೆನ್ನಿನ ಬಿದಿರಿಗೆ ಏನೂ ಆಗಿರಲಿಲ್ಲ. ಅದು ಹಿಗ್ಗಲು ಒಪ್ಪದೆ ಹೋದಾಗ ಆ ಭಾರವೆಲ್ಲ ಹೊಟ್ಟೆಯ ಮೇಲೆ ಬಿದ್ದು ತಡಸಲನ್ನು ಅರೆದುಹಾಕಿತ್ತು. ಪಟ್ಟಿಯನ್ನು ಇನ್ನೂ ತೆಳುವಾಗಿ ಕೀಸಿದ್ದರೆ ಉಳಿಯುತ್ತಿತ್ತೋ ಏನೋ. ಹೊಸ ಬಿಲ್ಲು ಮಾಡುವವರಿಗೆ ಬಿದಿರಿನ ಬೆನ್ನು ಒಳ್ಳೆಯದೇ. ಆದರೆ ಹಳೆಯ ಬಿಲ್ಲಿನ ಒಂದು ಸಿಬಿರಿಗೆ ಅದು ಹಲ್ಲುನೋವಿಗೆ ದವಡೆಯನ್ನೇ ಬದಲಿಸಿದ ಹಾಗೆ.

ಮೂರನೆಯದು ಆಚಾರಿಯ ನೂಲು. ಮೊದಲು ಮೀನುಬಲೆಯ ನೈಲಾನ್ ದಾರ ಸುತ್ತಿದೆ. ಅದು ಗಟ್ಟಿ ಹೌದು, ಆದರೆ ಹಿಗ್ಗುವ ಜಾತಿ. ಬಿಲ್ಲು ಬಾಗಿದಾಗ ಅದೂ ಹಿಗ್ಗಿ ಸಿಬಿರಿಗೆ ದಾರಿ ಬಿಡುತ್ತದೆ. ಹತ್ತೇ ಬಾಣಕ್ಕೆ ಬಿಚ್ಚಿ ಎಸೆದೆ. ಆಮೇಲೆ ದರ್ಜಿಯ ಅಂಗಡಿಯಿಂದ ಅರುವತ್ತು ರೂಪಾಯಿಯ ರೇಷ್ಮೆ ನೂಲು ತಂದೆ. ಸಿಬಿರಿನ ಕೆಳಗೆ ತೆಳು ಅಂಟು ಇಳಿಸಿ, ಅದುಮಿ ಹಿಡಿದು, ಒಣಗಿದ ಮೇಲೆ ಸಿಬಿರಿನ ಎರಡೂ ತುದಿಯಿಂದ ಒಂದೊಂದು ಇಂಚು ಆಚೆಗೆ ಹೋಗುವಂತೆ ಸುತ್ತು ಪಕ್ಕ ಸುತ್ತು ಕೂರಿಸುತ್ತ ಬಂದೆ. ನೂಲನ್ನು ಬಿಗಿಯುವ ಬದಲು ಅದರ ಉಂಡೆಯನ್ನು ಕಾಲಿನ ಕೆಳಗೆ ಮೆಟ್ಟಿಕೊಂಡು ಬಿಲ್ಲನ್ನೇ ತಿರುಗಿಸಬೇಕು ಎಂದು ತೋರಿಸಿಕೊಟ್ಟದ್ದು ಆಚಾರಿ. ಹಾಗೆ ಮಾಡಿದರೆ ಬಿಗಿ ಎಲ್ಲ ಕಡೆಯೂ ಒಂದೇ ಸಮ. ಕೊನೆಯ ಎಳೆಯನ್ನು ಸುತ್ತಿನ ಅಡಿಯಿಂದಲೇ ಎಳೆದು ತಂದರೆ ಗಂಟು ಬೇಕಾಗುವುದಿಲ್ಲ. ಮೇಲೆ ಮತ್ತೆ ಅಂಟು ಕುಡಿಸಿದಾಗ ಕೆಂಪು ರೇಷ್ಮೆ ಕಪ್ಪಾಗಿ, ಬೆರಳಿಗೆ ಅರಗಿನ ಬಳೆಯಂತೆ ನುಣುಪಾಯಿತು.

ಆ ಬಿಲ್ಲು ಆರುನೂರು ಬಾಣ ದಾಟಿದೆ, ಒಂದು ಮಳೆಗಾಲ ಕಂಡಿದೆ. ಕಳೆದುಕೊಂಡ ಬಲ ತಕ್ಕಡಿಗೆ ಸಿಗುವಷ್ಟಿಲ್ಲ. ಲೆಕ್ಕ ಇಟ್ಟರೆ ಎಪ್ಪತ್ತು ರೂಪಾಯಿಯ ಕೆಲಸ, ಒಂದು ಸಂಜೆ.

ಬೆನ್ನಿಗೆ ಬಟ್ಟೆ ಅಂಟಿಸುವುದನ್ನೂ ಕೆಲವರು ಹೇಳುತ್ತಾರೆ. ಅಂಟು ಸೋತ ಮೊದಲ ಬಿಲ್ಲಿಗೆ ಹಳೆಯ ರೇಷ್ಮೆ ಪಂಚೆಯ ಚೂರು ಹಚ್ಚಿ ನೋಡಿದೆ. ಬಿಲ್ಲು ಮುರಿದೇ ಮುರಿಯಿತು, ಆದರೆ ತುಂಡುಗಳು ಹಾರದೆ ಬಟ್ಟೆಗೆ ಜೋತುಬಿದ್ದವು. ಹೆಲ್ಮೆಟ್ಟಿಗೆ ಅಷ್ಟು ಉಪಕಾರ.

ತುದಿ ಕತ್ತರಿಸಿ ಗಿಡ್ಡ ಮಾಡುವುದು ಇನ್ನೊಂದು ದಾರಿ. ಬಿರುಕು ಕೊಪ್ಪಿನಿಂದ, ಅಂದರೆ ಹೆದೆ ಸಿಕ್ಕಿಸುವ ತುದಿಯಿಂದ, ನಾಲ್ಕು ಬೆರಳಿನೊಳಗೆ ಇದ್ದರೆ ಮಾತ್ರ ಅದು ನಡೆಯುತ್ತದೆ. ಎರಡೂ ತುದಿಗಳನ್ನು ಸಮನಾಗಿ ಕತ್ತರಿಸಬೇಕು, ಬಿಲ್ಲಿನ ಬಿಗಿ ಏರುತ್ತದೆ, ಎಳೆಯುವ ಉದ್ದವನ್ನು ಇಳಿಸಿಕೊಳ್ಳಬೇಕು. ನನ್ನ ಬಿಲ್ಲಿನ ಸಿಬಿರು ತೋಳಿನ ನಡುವೆ ಇದ್ದುದರಿಂದ ಈ ಮಾತೇ ಏಳಲಿಲ್ಲ.

ಬಿದಿರಿನ ಬಿಲ್ಲನ್ನು ಏನು ಮಾಡುವುದು ಎಂಬುದಕ್ಕೆ ಅಳಿಯ ಉತ್ತರ ಕಂಡುಕೊಂಡ. ಅವನ ಶಾಲೆಯ ಯಕ್ಷಗಾನದ ಅರ್ಜುನನಿಗೆ ಕೊಟ್ಟುಬಿಟ್ಟ. ರಂಗದ ಬಿಲ್ಲು ಬಾಗಬೇಕಾಗಿಲ್ಲ, ಮಿನುಗಿದರೆ ಸಾಕು. ಬೇಗಡೆ ಅಂಟಿಸಿದ ಮೇಲೆ ಒಂಬತ್ತು ಗೆರೆಗಳೂ ಮುಚ್ಚಿಹೋದವು.

ಭಾವನ ಬಿಲ್ಲಿಗೆ ಕೊನೆಗೆ ನೂಲನ್ನೇ ಸುತ್ತಿದೆ. ಅಟ್ಟದಿಂದ ಇಳಿಸಿ ಹತ್ತು ದಿನ ನಡುಮನೆಯ ಗಾಳಿಗೆ ಬಿಟ್ಟು, ಆಮೇಲೆ. ಈಗ ಅದನ್ನು ಮಲಗುವ ಕೋಣೆಯಲ್ಲಿ ಎರಡು ಗೂಟಗಳ ಮೇಲೆ ಅಡ್ಡಲಾಗಿ ಇಟ್ಟಿದ್ದೇನೆ. 28 ಇಂಚು ಎಳೆಯುವುದಿಲ್ಲ, 26ಕ್ಕೆ ನಿಲ್ಲಿಸುತ್ತೇನೆ. ಮೊದಲ ದಿನ ಹತ್ತೇ ಇಂಚು, ಮರುದಿನ ಹದಿನೈದು, ಹೀಗೆ ಏರಿಸುತ್ತ ಹೋದದ್ದು. ಓಣಂ ರಜೆಗೆ ಬಂದ ಭಾವ ಕಪ್ಪು ಸುತ್ತನ್ನು ಹೆಬ್ಬೆರಳಿನಿಂದ ಸವರಿ, "ಇದೇನು, ಬಿಲ್ಲಿಗೆ ಉಡಿದಾರವೋ?" ಎಂದರು. ಬಿದಿರಿನ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಪ್ರತಿ ಭಾನುವಾರ ಹತ್ತಿ ಸವರಿ ನೋಡುತ್ತೇನೆ. ಮೊನ್ನೆ ಸುತ್ತಿನ ಕೆಳತುದಿಯಲ್ಲಿ ಒಂದು ಎಳೆ ಕಚ್ಚಿಕೊಂಡಾಗ ಎದೆ ಧಸಕ್ಕೆಂದಿತು. ಭೂತಗನ್ನಡಿ ಹಿಡಿದರೆ, ಅಂಟಿನ ಒಂದು ಹನಿ ಇಳಿದು ಮುಳ್ಳಿನಂತೆ ಗಟ್ಟಿಯಾಗಿ ನಿಂತಿತ್ತು. ಉಗುರಿನಿಂದ ತೆಗೆದು ಇನ್ನೊಮ್ಮೆ ಸವರಿದೆ. ಹತ್ತಿ ಜಾರಿಕೊಂಡು ಹೋಯಿತು.