ರಿಕವರಿ ಟೈಮ್ ತೋರಿಸುವ ವಾಚ್: ಸೊನ್ನೆ ಬಂತು, ಮೆಟ್ಟಿಲು ಇಳಿಯೋಕೆ ಮಾತ್ರ ಆಗಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ವಾಚ್ ಕೆಟ್ಟದ್ದಲ್ಲ. ದೂರ ಸರಿಯಾಗಿ ಅಳೆಯುತ್ತದೆ. ಬ್ಯಾಟರಿ ಧಾರಾಳವಾಗಿ ಬರುತ್ತದೆ. ಬೆವರಿದ ಬೆರಳಿಗೂ ಬಟನ್ ಸಿಗುತ್ತದೆ. ಆದರೆ ದೂರ ಅಳೆಯೋಕೆ ನನ್ನ ಹಳೇ ವಾಚೇ ಸಾಕಿತ್ತು. ಇದನ್ನು ಕೊಂಡಿದ್ದು ‘ರಿಕವರಿ ಟೈಮ್’ ಅನ್ನೋ ಒಂದೇ ಒಂದು ಅಂಕಿಗಾಗಿ. ಓಡಿ ಮುಗಿಸಿದ ಕೂಡಲೇ ಪರದೆ ಮೇಲೆ ಇಷ್ಟು ಗಂಟೆ ಅಂತ ಬರುತ್ತದೆ. ಅಷ್ಟು ಹೊತ್ತು ಸುಧಾರಿಸಿಕೋ, ಆಮೇಲೆ ಮತ್ತೆ ಜೋರಾಗಿ ಓಡಬಹುದು ಅಂತ ಅರ್ಥ. ಕಂಪನಿ ಹೆಸರು ಬರೆಯುವುದಿಲ್ಲ. ಈ ಸೌಲಭ್ಯ ಇರುವ ವಾಚ್ ಯಾವುದೇ ಇರಲಿ, ನಾನು ಹೇಳುವುದರಲ್ಲಿ ಬಹುಪಾಲು ಅದಕ್ಕೂ ಸಲ್ಲುತ್ತದೆ.

ನಾನು ಐಸಿಯು ನರ್ಸ್. ವಯಸ್ಸು 43. ಹಗಲು ಡ್ಯೂಟಿ, ರಾತ್ರಿ ಡ್ಯೂಟಿ ಎರಡೂ ಬರುತ್ತವೆ. ವರ್ಷಕ್ಕೆ ಎರಡು ಮ್ಯಾರಥಾನ್ ಓಡುತ್ತೇನೆ. ಈ ಸಲ ಎರಡು ರೇಸ್‌ಗಳ ಮಧ್ಯೆ ಸಿಕ್ಕಿದ್ದು ಹತ್ತೇ ವಾರ. ಹತ್ತು ವಾರ ಅಂದರೆ ಬಹಳ ಅನಿಸಬಹುದು. ಕೊನೆಯ ಎರಡು ವಾರ ಟೇಪರ್‌ಗೆ, ಅಂದರೆ ರೇಸ್‌ಗೆ ಮುಂಚೆ ಓಟ ಕಡಿಮೆ ಮಾಡುವುದಕ್ಕೆ, ಹೋಯಿತು. ಮೊದಲ ವಾರಗಳು ಕಾಲು ಸರಿ ಹೋಗುವುದಕ್ಕೇ ಬೇಕು. ನಡುವೆ ಉಳಿಯುವ ಚೂರು ಸಮಯದಲ್ಲೇ ಟ್ರೈನಿಂಗ್ ಆಗಬೇಕು. ಹಾಗಾಗಿ ಜೋರು ಓಟ ಯಾವ ದಿನದಿಂದ ಶುರು ಮಾಡಬಹುದು ಅನ್ನುವುದೇ ನನಗೆ ದೊಡ್ಡ ಪ್ರಶ್ನೆ. ವಾಚ್ ಅದಕ್ಕೆ ಉತ್ತರ ಕೊಡುತ್ತದೆ ಅಂತ ಡಬ್ಬಿ ಮೇಲೆ ಬರೆದಿತ್ತು.

ಮೊದಲ ರೇಸ್ ಮುಗಿಸಿ ವಾಚ್ ನಿಲ್ಲಿಸಿದಾಗ 96 ಗಂಟೆ ಅಂತ ತೋರಿಸಿತು. ಈ ವಾಚ್ ತೋರಿಸುವ ಅತಿ ಹೆಚ್ಚು ಅಂಕಿಯೇ ಅದು. 42.195 ಕಿ.ಮೀ. ಓಡಿದರೂ ಅಷ್ಟೇ, ಅದರ ಎರಡು ಪಟ್ಟು ಓಡಿದರೂ ಅಷ್ಟೇ. ನಾಲ್ಕನೇ ದಿನ ಅದು ಸೊನ್ನೆಗೆ ಬಂತು. ಆ ದಿನ ಡ್ಯೂಟಿ ಮುಗಿಸಿ ಆಸ್ಪತ್ರೆ ಮೆಟ್ಟಿಲನ್ನು ನಾನು ಹಿಮ್ಮುಖವಾಗಿ ಇಳಿಯುತ್ತಿದ್ದೆ. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು, ಹಿಮ್ಮಡಿ ಮೊದಲು. ಹತ್ತುವುದಕ್ಕೆ ತೊಂದರೆಯೇ ಇಲ್ಲ. ಇಳಿಯುವಾಗ ಮಾತ್ರ ತೊಡೆಯ ಮುಂಭಾಗ ‘ನಾನು ಹಿಡಿಯಲ್ಲ’ ಅನ್ನುತ್ತಿತ್ತು. ಮ್ಯಾರಥಾನ್ ಓಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಕೈಯಲ್ಲಿದ್ದ ವಾಚ್ ಮಾತ್ರ ‘ನೀನು ತಯಾರು’ ಅಂತ ಹಸಿರು ಬಣ್ಣ ತೋರಿಸುತ್ತಿತ್ತು.

ಅದು ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೆ ಕಾಣಿಸುವುದೇ ಅಷ್ಟು. ವಾಚ್‌ಗೆ ಸಿಗುವುದು ಹೃದಯದ ಬಡಿತ. ಎಷ್ಟು ಜೋರಾಗಿ, ಎಷ್ಟು ಹೊತ್ತು ಬಡಿಯಿತು ಅನ್ನುವುದರ ಮೇಲೆ ಒಂದು ಹೊರೆಯ ಲೆಕ್ಕ ಹಾಕಿ, ಅದನ್ನು ಗಂಟೆಗೆ ತಿರುಗಿಸುತ್ತದೆ. ಹೃದಯ, ಉಸಿರು ಎರಡೂ ಬೇಗ ಸುಧಾರಿಸುತ್ತವೆ. ಸರಿಯಾಗಿ ಊಟ ಮಾಡಿದರೆ ಸ್ನಾಯುವಿನಲ್ಲಿ ಖಾಲಿಯಾದ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ಕೂಡ ಒಂದೆರಡು ದಿನದಲ್ಲಿ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಸ್ನಾಯುವಿನ ಎಳೆಗಳಿಗೆ ಆದ ಗಾಯದ ಕತೆ ಬೇರೆ. ಪ್ರತಿ ಹೆಜ್ಜೆ ನೆಲಕ್ಕೆ ತಾಗಿದಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಮೈಭಾರ ತಡೆಯಬೇಕು. ಸಾವಿರಾರು ಸಲ ಹೀಗೆ ತಡೆದು ತಡೆದು ಎಳೆಗಳು ಸಣ್ಣದಾಗಿ ಹರಿಯುತ್ತವೆ. ಇಳಿಜಾರಿನಲ್ಲಿ ಇದು ಇನ್ನೂ ಜಾಸ್ತಿ. ವಿಚಿತ್ರ ಏನೆಂದರೆ ಇಳಿಜಾರಿನಲ್ಲಿ ಹಾರ್ಟ್ ರೇಟ್ ಕೆಳಗಿರುತ್ತದೆ. ಕಾಲಿಗೆ ಅತಿ ಹೆಚ್ಚು ಪೆಟ್ಟು ಬಿದ್ದ ಕಿಲೋಮೀಟರ್‌ಗಳನ್ನೇ ವಾಚ್ ‘ಸುಲಭ’ ಅಂತ ಬರೆದುಕೊಂಡಿರುತ್ತದೆ. ಎಂಜಿನ್ ತಣ್ಣಗಿದೆ ಅಂತ ಟೈರ್ ಸವೆದಿಲ್ಲ ಅನ್ನೋಕಾಗುತ್ತಾ?

ಇಲ್ಲಿ ಕೆಲಸದ ಅನುಭವದಿಂದ ಒಂದು ಮಾತು. ಸ್ನಾಯುವಿಗೆ ಪೆಟ್ಟಾದಾಗ ಕ್ರಿಯಾಟಿನ್ ಕೈನೇಸ್ ಅನ್ನೋ ಕಿಣ್ವ ರಕ್ತಕ್ಕೆ ಸೋರುತ್ತದೆ. ಮಾಮೂಲಿ ದಿನಗಳಲ್ಲಿ ಅದು ಒಂದೆರಡು ನೂರರ ಒಳಗೆ ಇರುತ್ತದೆ. ಮ್ಯಾರಥಾನ್ ಆದ ಮಾರನೇ ದಿನ ಸಾವಿರ ದಾಟುವುದು ಸಾಮಾನ್ಯ. ಕೆಳಗಿಳಿಯಲು ದಿನಗಟ್ಟಲೆ ಬೇಕು. ರೇಸ್ ಆದ ವಾರದಲ್ಲಿ ಬೇರೆ ಯಾವುದಕ್ಕೋ ರಕ್ತ ಪರೀಕ್ಷೆ ಮಾಡಿಸಿದರೆ, ಓಡಿದ್ದೀನಿ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ಸುಮ್ನೆ ಎಲ್ಲರಿಗೂ ಗಾಬರಿ. ಇನ್ನೊಂದು ಮಾತು: ನೋವು ಅಂತ ಐಬುಪ್ರೊಫೆನ್ ನುಂಗಿ ಓಡಬೇಡಿ. ಮೈಯಲ್ಲಿ ನೀರು ಕಡಿಮೆಯಾಗಿ, ಸ್ನಾಯು ಹರಿದು, ಕಿಡ್ನಿ ಮೊದಲೇ ಒದ್ದಾಡುತ್ತಿರುತ್ತದೆ.

ಸರಿ, ವಾಚ್‌ಗೆ ಬರೋಣ. ಮಣಿಕಟ್ಟಿನ ಸೆನ್ಸರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು, ಯಾಕೆಂದರೆ ಉಳಿದ ಎಲ್ಲ ಲೆಕ್ಕ ನಿಂತಿರುವುದು ಅದರ ಮೇಲೆ. ವಾಚ್‌ನ ಹಿಂಬದಿಯಲ್ಲಿ ಹಸಿರು ದೀಪ ಮಿನುಗುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೆ ಚರ್ಮದ ಕೆಳಗೆ ರಕ್ತ ಏರಿಳಿಯುವಾಗ ವಾಪಸ್ ಬರುವ ಬೆಳಕೂ ಏರಿಳಿಯುತ್ತದೆ. ಅದನ್ನು ಎಣಿಸಿದರೆ ಪಲ್ಸ್. ವಾರ್ಡ್‌ನಲ್ಲಿ ಬೆರಳಿಗೆ ಕ್ಲಿಪ್ ಹಾಕುತ್ತೇವಲ್ಲ, ಅದೂ ಇದೇ ಜಾತಿಯದು. ಅದರಲ್ಲಿ ಕೆಂಪು ಮತ್ತು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಇರುತ್ತದೆ. ರೋಗಿ ಕೈ ಅಲ್ಲಾಡಿಸಿದರೆ ಆ ಕ್ಲಿಪ್ ಕೂಡ ತಪ್ಪು ತೋರಿಸುತ್ತದೆ. ಇನ್ನು ಓಡುವವರ ಕೈ ಅಲ್ಲಾಡದೆ ಇರುತ್ತದೆಯೇ!

ಒಂದು ಬೆಳಗ್ಗೆ ನಿಧಾನವಾಗಿ, ಮಾತಾಡುತ್ತಾ ಓಡಬಹುದಾದ ವೇಗದಲ್ಲಿ ಹೋಗುತ್ತಿದ್ದೆ. ಚಳಿ ಇತ್ತು. ವಾಚ್ ನೋಡಿದರೆ 174. ಆ ವೇಗದಲ್ಲಿ 174 ಆಗಿದ್ದರೆ ನನಗೆ ಉಸಿರೇ ಬರುತ್ತಿರಲಿಲ್ಲ. ನಿಂತೆ, ಕತ್ತಿಗೆ ಎರಡು ಬೆರಳು ಒತ್ತಿ 15 ಸೆಕೆಂಡ್ ಎಣಿಸಿದೆ. 33 ಬಂತು. ಅಂದರೆ 132. ಹಾಗಾದರೆ 174 ಎಲ್ಲಿಂದ ಬಂತು? ಅದು ನನ್ನ ಹೆಜ್ಜೆ. ನಿಮಿಷಕ್ಕೆ ನಾನು ಅಷ್ಟೇ ಹೆಜ್ಜೆ ಹಾಕುತ್ತೇನೆ. ಚಳಿಗೆ ಚರ್ಮದ ರಕ್ತನಾಳ ಕುಗ್ಗಿ ಪಲ್ಸ್ ಸರಿಯಾಗಿ ಸಿಗದಿದ್ದಾಗ, ಸೆನ್ಸರ್ ಕೈಯ ಕುಲುಕಾಟವನ್ನೇ ಬಡಿತ ಅಂದುಕೊಂಡುಬಿಡುತ್ತದೆ. ಮನೆಗೆ ಬಂದ ಮೇಲೆ ಆ ಸಣ್ಣ ಓಟಕ್ಕೆ ಮೂರು ದಿನದ ರಿಕವರಿ ಕೊಟ್ಟಿತ್ತು. ಮಹಾಪ್ರಸಾದ ಅಂತ ತೆಗೆದುಕೊಳ್ಳಬೇಕಷ್ಟೆ.

ವಾಚನ್ನು ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ, ಜಾರದ ಹಾಗೆ ಕಟ್ಟಿದರೆ ಇದು ಬಹಳ ಕಡಿಮೆಯಾಗುತ್ತದೆ. ಪೂರ್ತಿ ಹೋಗಬೇಕಾದರೆ ಎದೆಗೆ ಕಟ್ಟುವ ಪಟ್ಟಿಯೇ ಬೇಕು. ಅದು ಬೆಳಕು ನೋಡುವುದಿಲ್ಲ, ಇಸಿಜಿ ಹಾಗೆ ಹೃದಯದ ವಿದ್ಯುತ್ ಸಂಕೇತ ಹಿಡಿಯುತ್ತದೆ. ಪೋಲಾರ್ ಕಂಪನಿ 1980ರ ದಶಕದ ಆರಂಭದಲ್ಲೇ ತಂದ ತಂತ್ರ ಅದು. ಇವತ್ತಿಗೂ ನಾನು ನಂಬುವುದು ಅದನ್ನೇ.

ಕೊಂಡ ದಿನವೇ ಬದಲಿಸಬೇಕಾದ ಒಂದು ಸೆಟ್ಟಿಂಗ್ ಇದೆ. ವಾಚ್ ನಿಮ್ಮ ಗರಿಷ್ಠ ಹಾರ್ಟ್ ರೇಟನ್ನು 220ರಿಂದ ವಯಸ್ಸು ಕಳೆದು ಊಹಿಸುತ್ತದೆ. ನನಗೆ 177 ಅಂತ ಬರೆದುಕೊಂಡಿತ್ತು. ನಿಜವಾದ ಗರಿಷ್ಠ 190ರ ಹತ್ತಿರ ಇದೆ. ಇಂಥ ಸೂತ್ರದಲ್ಲಿ ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. 150ರಲ್ಲಿ ಓಡಿದರೆ ವಾಚ್ ಲೆಕ್ಕದಲ್ಲಿ ಶೇ. 85, ನಿಜದಲ್ಲಿ ಶೇ. 79. ಮೊದಲನೆಯದು ಜೋರು ಓಟ, ಎರಡನೆಯದು ಲಾಂಗ್ ರನ್‌ನ ಕೊನೆಯಲ್ಲಿ ಸಹಜವಾಗಿ ಬರುವ ಅಂಕಿ. ಈ ಒಂದು ಅಂಕಿ ಸರಿಪಡಿಸಿದ ಮೇಲೆ ವಾಚ್‌ನ ಗೊಣಗಾಟ ಅರ್ಧ ಕಡಿಮೆಯಾಯಿತು. ಕೈಪಿಡಿಯಲ್ಲಿ ಇದನ್ನು ಎಲ್ಲೋ ಮೂಲೆಯಲ್ಲಿ ಬರೆದಿದ್ದಾರೆ, ಮೊದಲ ಪುಟದಲ್ಲಿ ಹಾಕಬೇಕಿತ್ತು.

ಇಷ್ಟೆಲ್ಲ ಬೈದ ಮೇಲೆ ಹೊಗಳಬೇಕಾದದ್ದೂ ಇದೆ. ನಿದ್ದೆಯಲ್ಲಿ ಅದು ಅಳೆಯುವ ಎಚ್‌ಆರ್‌ವಿ, ಅಂದರೆ ಬಡಿತದಿಂದ ಬಡಿತಕ್ಕೆ ಇರುವ ಅಂತರದ ಸಣ್ಣ ಏರುಪೇರು, ನನಗೆ ನಿಜವಾಗಿ ಉಪಯೋಗಕ್ಕೆ ಬಂತು. ಮಲಗಿದಾಗ ಕೈ ಅಲ್ಲಾಡುವುದಿಲ್ಲ, ಅಳತೆ ಚೆನ್ನಾಗಿ ಬರುತ್ತದೆ. ಮೈ ದಣಿದಿದ್ದರೆ ಸಾಮಾನ್ಯವಾಗಿ ಈ ಅಂಕಿ ಇಳಿಯುತ್ತದೆ. ರೇಸ್ ಆದ ರಾತ್ರಿ ಅಂಕಿ ಪಾತಾಳಕ್ಕೆ ಹೋಯಿತು, ಕೆಲವು ದಿನದಲ್ಲಿ ಮೇಲೆ ಬಂತು. ಅದು ನಿರೀಕ್ಷಿಸಿದ್ದೇ. ನನಗೆ ಹೊಸದಾಗಿ ಕಂಡಿದ್ದು ರಾತ್ರಿ ಡ್ಯೂಟಿಯ ವಾರ. ಆ ವಾರ ಓಡಿದ್ದು ಬಹಳ ಕಡಿಮೆ. ಆದರೂ ಅಂಕಿ ರೇಸ್ ಓಡಿದವಳ ಹಾಗೆ ಕೆಳಗೇ ಇತ್ತು. ಓಡದೆ ಇರುವುದೇ ವಿಶ್ರಾಂತಿ ಅಂತ ನಾವು ಅಂದುಕೊಳ್ಳುತ್ತೇವೆ. ರಾತ್ರಿಯಿಡೀ ನಿಂತು ಕೆಲಸ ಮಾಡಿದ ಮೈಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಂದಿನಿಂದ ರಾತ್ರಿ ಡ್ಯೂಟಿ ಇರುವ ವಾರ ವೇಗದ ಓಟ ಇಟ್ಟುಕೊಳ್ಳುವುದಿಲ್ಲ.

ಆದರೆ ಇಲ್ಲೂ ಒಂದು ಕೊಕ್ಕೆ. ಮನುಷ್ಯರೆಲ್ಲ ರಾತ್ರಿಯೇ ಮಲಗುತ್ತಾರೆ ಅಂತ ವಾಚ್ ನಂಬಿದೆ. ಬೆಳಗ್ಗೆ ಒಂಬತ್ತಕ್ಕೆ ಮಲಗಿ ಮಧ್ಯಾಹ್ನ ಎದ್ದರೆ ಅದನ್ನು ‘ಸಣ್ಣ ನಿದ್ದೆ’ ಅಂತ ಬದಿಗಿಡುತ್ತದೆ. ನಿದ್ದೆಯ ಅಂಕ ಸೊನ್ನೆ. ಡ್ಯೂಟಿ ಬದಲಾದಾಗಲೆಲ್ಲ ಮಲಗುವ ಸಮಯವನ್ನು ಕೈಯಾರೆ ತಿದ್ದಬೇಕು. ನರ್ಸ್, ಡ್ರೈವರ್, ಕಾವಲುಗಾರರು, ಕಾರ್ಖಾನೆಯವರು, ಎಷ್ಟೊಂದು ಜನ ರಾತ್ರಿ ಕೆಲಸ ಮಾಡುತ್ತಾರೆ. ಇಷ್ಟು ಬುದ್ಧಿವಂತ ಯಂತ್ರಕ್ಕೆ ಅಷ್ಟು ಗೊತ್ತಾಗಬಾರದೇ?

ಮ್ಯಾರಥಾನ್ ಸಮಯದ ಭವಿಷ್ಯವನ್ನೂ ಹೇಳುತ್ತದೆ. ನನಗೆ 3 ಗಂಟೆ 38 ನಿಮಿಷ ಅಂದಿತ್ತು. ಎಂಜಿನಿಯರ್ ಪೀಟರ್ ರೀಗಲ್ ಅವರ ಹಳೇ ಸೂತ್ರ ಇದಕ್ಕಿಂತ ವಾಸಿ. ಚಿಕ್ಕ ರೇಸ್‌ನ ಸಮಯವನ್ನು ದೂರಗಳ ಅನುಪಾತದ 1.06ನೇ ಘಾತದಿಂದ ಗುಣಿಸಬೇಕು. 10 ಕಿ.ಮೀ. 50 ನಿಮಿಷ ಅಂದರೆ ಮ್ಯಾರಥಾನ್ 3 ಗಂಟೆ 50 ನಿಮಿಷ. ನಾನು ಮುಗಿಸಿದ್ದು ನಾಲ್ಕು ಗಂಟೆ ದಾಟಿದ ಮೇಲೆ. ಮುಂದಕ್ಕೆ ಹೋಗೋಣ.

ಹಾಗಾದರೆ ಹತ್ತು ವಾರವನ್ನು ಹೇಗೆ ಹಂಚಿಕೊಂಡೆ? ನ್ಯೂಜಿಲೆಂಡ್‌ನ ಜ್ಯಾಕ್ ಫಾಸ್ಟರ್ ಅಂತ ಒಬ್ಬರಿದ್ದರು. 1974ರ ಕಾಮನ್‌ವೆಲ್ತ್ ಕ್ರೀಡಾಕೂಟದ ಮ್ಯಾರಥಾನ್‌ನಲ್ಲಿ 41ನೇ ವಯಸ್ಸಿಗೆ ಬೆಳ್ಳಿ ಗೆದ್ದವರು. ರೇಸ್‌ನ ಪ್ರತಿ ಮೈಲಿಗೆ ಒಂದು ದಿನ ಜೋರು ಓಟ ಬೇಡ ಅನ್ನುವುದು ಅವರ ಹೆಸರಿನಲ್ಲಿ ಓಡುಗರ ನಡುವೆ ಉಳಿದ ನಿಯಮ. ಮ್ಯಾರಥಾನ್ 26 ಮೈಲಿ, ಹಾಗಾಗಿ 26 ದಿನ. 96 ಗಂಟೆ ಎಲ್ಲಿ, 26 ದಿನ ಎಲ್ಲಿ! ಜಪಾನಿನ ಯೂಕಿ ಕವಾಉಚಿ ಸರ್ಕಾರಿ ನೌಕರಿ ಮಾಡಿಕೊಂಡೇ ವರ್ಷಕ್ಕೆ ಸಾಲು ಸಾಲು ಮ್ಯಾರಥಾನ್ ಓಡಿ, 2018ರಲ್ಲಿ ಚಳಿ ಮಳೆಯ ನಡುವೆ ಬಾಸ್ಟನ್ ಗೆದ್ದರು ಅಂತ ಯಾರಾದರೂ ಹೇಳುತ್ತೀರಿ. ಗೆದ್ದರು, ನಿಜ. ಅವರ ಕಾಲು ಅವರಿಗೆ, ನನ್ನದು ನನಗೆ.

ಮೊದಲ ವಾರ ಬರೀ ನಡಿಗೆ. ಆಮೇಲೆ ಸೈಕಲ್, ಸಣ್ಣ ನಿಧಾನ ಓಟ. 26 ದಿನ ಕಳೆಯುವ ತನಕ ವೇಗದ ಓಟ ಇಲ್ಲ. ಈ ದಿನಗಳಲ್ಲೇ ವಾಚ್‌ನ ಅತ್ಯುತ್ತಮ ಸೌಲಭ್ಯ ಕೆಲಸಕ್ಕೆ ಬಂದಿದ್ದು, ಅದನ್ನು ಜಾಹೀರಾತಿನಲ್ಲಿ ಯಾರೂ ಹೇಳುವುದೇ ಇಲ್ಲ. ಹಾರ್ಟ್ ರೇಟ್‌ಗೆ ಮೇಲಿನ ಮಿತಿ ಹಾಕಿಟ್ಟರೆ, ದಾಟಿದಾಗ ಕೈಯಲ್ಲಿ ಗುರ್‌ ಅನ್ನುತ್ತದೆ. ನಾನು 140ಕ್ಕೆ ಇಟ್ಟಿದ್ದೆ. ಪಕ್ಕದಲ್ಲಿ ಯಾರಾದರೂ ಓವರ್‌ಟೇಕ್ ಮಾಡಿದಾಗ ಕಾಲು ತಾನಾಗೇ ಜೋರಾಗುತ್ತಲ್ಲ, ಆಗ ಎಳೆದು ನಿಲ್ಲಿಸುವುದು ಈ ಗುರ್‌ ಒಂದೇ.

ವೇಗದ ಓಟಕ್ಕೆ ಕಾಲು ತಯಾರಾ ಅಂತ ವಾಚ್ ಕೇಳದೆ ಕಾಲನ್ನೇ ಕೇಳುತ್ತೇನೆ. ಮೆಟ್ಟಿಲು ಕಂಬಿ ಹಿಡಿಯದೆ ಇಳಿಯಬೇಕು. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು ಎರಡೂ ಕಡೆ ಒಂದೇ ಥರ ಆಗಬೇಕು. ಹಾಸಿಗೆಯಿಂದ ಏಳುವ ಮೊದಲಿನ ಪಲ್ಸ್ ಮಾಮೂಲಿಗೆ ಮರಳಿರಬೇಕು. ಮೂಳೆಯ ಮೇಲೆ ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವ ಹಾಗೆ ನೋವಿದ್ದು, ಕುಂಟಿ ಹಾರಿದಾಗ ಜಾಸ್ತಿಯಾದರೆ ಓಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಅಲ್ಲಿ ವಾಚ್ ಏನು ತೋರಿಸಿದರೂ ಲೆಕ್ಕಕ್ಕಿಲ್ಲ.

ಕೊನೆಯ ಎರಡು ವಾರ ಟೇಪರ್‌ನಲ್ಲಿ ವಾಚ್ ಮತ್ತೆ ವರಾತ ತೆಗೆಯಿತು. ಎರಡು ವಾರ ಓಟದ ದೂರವನ್ನು ಶೇ. 41ರಿಂದ 60ರಷ್ಟು ಇಳಿಸಿ, ವೇಗ ಮತ್ತು ಓಡುವ ದಿನಗಳನ್ನು ಹಾಗೇ ಇಟ್ಟುಕೊಂಡರೆ ಒಳ್ಳೆಯದು ಅಂತ 2007ರಲ್ಲಿ ಬಂದ, ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ ಹೇಳಿತ್ತು. ನಾನು ಅರ್ಧಕ್ಕೆ ಇಳಿಸಿದೆ. ವಾಚ್ ‘ಡೀಟ್ರೈನಿಂಗ್’ ಅಂತ ಬಣ್ಣ ಬದಲಿಸಿತು. ರೇಸ್ ಹತ್ತಿರ ಬಂದಾಗ ಮೊದಲೇ ಎದೆ ಢವಢವ ಅನ್ನುತ್ತಿರುತ್ತದೆ. ಆಗ ‘ನಿನ್ನ ಫಿಟ್‌ನೆಸ್ ಇಳಿಯುತ್ತಿದೆ’ ಅಂತ ದಿನಾ ಹೇಳುವ ಯಂತ್ರ ಬೇಕಾ? ಆ ಪರದೆಯನ್ನೇ ತೆಗೆದುಹಾಕಿದೆ. ಎರಡನೇ ರೇಸ್‌ನಲ್ಲಿ ಸಮಯ ಕೆಲವೇ ನಿಮಿಷ ಇಳಿಯಿತು, ಆದರೆ ಕೊನೆಯ 10 ಕಿ.ಮೀ.ನಲ್ಲಿ ಎಲ್ಲೂ ನಡೆಯಬೇಕಾಗಲಿಲ್ಲ.

ನಾನು ಕೊಡುವುದು ಐದಕ್ಕೆ ಮೂರು. ಬರೀ ರಿಕವರಿ ಟೈಮ್ ನೋಡಿ ಅಂಕ ಕೊಡಿ ಅಂದರೆ ಒಂದು. ಸಿಲಿಕಾನ್ ಪಟ್ಟಿಯ ಕೆಳಗೆ ಬೆವರು ನಿಂತು ಚರ್ಮ ಕೆಂಪಾಗುತ್ತದೆ, ಓಡಿದ ಮೇಲೆ ತೊಳೆದು ಒಣಗಿಸಿ ಕಟ್ಟಿಕೊಳ್ಳಿ. ಕೊಳ್ಳುವವರು ದುಬಾರಿ ಮಾಡೆಲ್‌ಗೆ ಹೋಗಬೇಡಿ. ಹಾರ್ಟ್ ರೇಟ್ ಮಿತಿಯ ಎಚ್ಚರಿಕೆ, ರಾತ್ರಿಯ ಎಚ್‌ಆರ್‌ವಿ ಇವೆರಡೂ ಕೆಳಗಿನ ಮಾಡೆಲ್‌ನಲ್ಲಿ ಇವೆಯಾ ಅಂತ ನೋಡಿ, ಇದ್ದರೆ ಅದನ್ನೇ ತಗೊಳ್ಳಿ. ಉಳಿದ ದುಡ್ಡಿಗೆ ಎದೆಗೆ ಕಟ್ಟುವ ಪಟ್ಟಿ ಬರುತ್ತದೆ.