ಚಕ್ ಬೆರ್ರಿ ಹಿಟ್ಸ್: ಮೂರು ಆಲ್ಬಮ್, ಎರಡು ಕಂಪನಿ, ಒಂದೇ ಗಿಟಾರ್

ಅಮೆರಿಕದ ರಾಕ್ ಅಂಡ್ ರೋಲ್ ಹಾಡುಗಾರ, ಗಿಟಾರ್ ವಾದಕ ಚಕ್ ಬೆರ್ರಿ ಹೆಸರಿನಲ್ಲಿ ಹಿಟ್ಸ್ ಆಲ್ಬಮ್‌ಗಳಿಗೆ ಲೆಕ್ಕವೇ ಇಲ್ಲ. ಆ್ಯಪ್‌ನಲ್ಲಿ ಹುಡುಕಿದರೆ ಸಾಲುಗಟ್ಟಿ ಬರುತ್ತವೆ, ಹಾಡುಗಳ ಪಟ್ಟಿಯೂ ಹೆಚ್ಚು ಕಡಿಮೆ ಅದೇ. ಅವುಗಳಲ್ಲಿ ಮೂರನ್ನು ಆರಿಸಿ ಒಂದೇ ಹೆಡ್‌ಫೋನಿನಲ್ಲಿ ಅದಲು ಬದಲು ಮಾಡಿ ಕೇಳಿದೆ: ‘ಗೋಲ್ಡನ್ ಹಿಟ್ಸ್’ (1967), ‘ದಿ ಗ್ರೇಟ್ ಟ್ವೆಂಟಿ-ಎಯ್ಟ್’ (1982), ‘ದಿ ಡೆಫಿನಿಟಿವ್ ಕಲೆಕ್ಷನ್’ (2006).

ಮೊದಲನೆಯದನ್ನು ಬೇಗ ಮುಗಿಸಿಬಿಡೋಣ. ಬೆರ್ರಿ ಹೆಸರು ಮಾಡಿದ್ದು ಷಿಕಾಗೊದ ಚೆಸ್ ಎಂಬ ರೆಕಾರ್ಡ್ ಕಂಪನಿಯಲ್ಲಿ. 1966ರಲ್ಲಿ ಮರ್ಕ್ಯುರಿ ಕಂಪನಿಗೆ ಹೋದರು. ಹಳೆಯ ಟೇಪುಗಳು ಚೆಸ್ ಬಳಿಯೇ ಉಳಿದವು. ಹಾಗಾಗಿ ಹಳೆಯ ಹಿಟ್‌ಗಳನ್ನು ಇಲ್ಲಿ ಮತ್ತೆ ಹಾಡಿ ಮುದ್ರಿಸಿದ್ದಾರೆ. ಶಬ್ದ ಸ್ವಚ್ಛವಾಗಿದೆ, ಸ್ಟೀರಿಯೋ ಬೇರೆ. ಮರುದಿನದ ಸಾರಿಗೆ ರುಚಿ ಜಾಸ್ತಿ ಅಂತಾರಲ್ಲ, ಇಲ್ಲಿ ಆ ಮಾತು ನಡೆಯುವುದಿಲ್ಲ.

‘ಮೇಬೆಲಿನ್’ ಹಾಡನ್ನೇ ತಗೊಳ್ಳಿ. 1955ರ ಮೂಲದಲ್ಲಿ ಗಿಟಾರ್ ಒಡೆದ ದನಿಯಲ್ಲಿ ಗೊರಗೊರ ಅನ್ನುತ್ತದೆ, ಜಾನಿ ಜಾನ್ಸನ್ ಪಿಯಾನೊ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತದೆ. ಹಾಡಿರುವುದೇ ಕಾರುಗಳ ಬೆನ್ನಟ್ಟುವಿಕೆಯ ಬಗ್ಗೆ, ಅಲ್ವಾ? ಮರುಮುದ್ರಣದಲ್ಲಿ ಎಲ್ಲ ವಾದ್ಯವೂ ಚೆನ್ನಾಗಿ ಕೇಳುತ್ತದೆ, ಆದರೆ ಯಾರಿಗೂ ಅವಸರವಿಲ್ಲ.

ಇನ್ನೂ ದೊಡ್ಡ ನಷ್ಟ ‘ಮೆಂಫಿಸ್, ಟೆನೆಸಿ’ಯದು. ಒಬ್ಬ ಟೆಲಿಫೋನ್ ಆಪರೇಟರ್ ಬಳಿ ಗೋಗರೆಯುತ್ತಾನೆ, ಮೆಂಫಿಸ್‌ನಲ್ಲಿರುವ ಮರೀಗೆ ಲೈನ್ ಕೊಡಿ ಅಂತ. ಪ್ರೇಯಸಿ ಇರಬೇಕು ಅಂದುಕೊಂಡು ಕೇಳುತ್ತೀರಿ. ಕೊನೆಯ ಸಾಲಿನಲ್ಲಿ ಗೊತ್ತಾಗುತ್ತದೆ, ಮರೀಗೆ ಇನ್ನೂ ಆರು ವರ್ಷ, ಅವಳು ಅವನ ಮಗಳು. (ಹಾಡು ಬಂದದ್ದು 1959ರಲ್ಲಿ, ಇಷ್ಟು ಹೊತ್ತಿಗೆ ಗುಟ್ಟು ಬಿಟ್ಟುಕೊಟ್ಟರೆ ಪರವಾಗಿಲ್ಲ.) ಮೂಲವನ್ನು ಬೆರ್ರಿ ಸೇಂಟ್ ಲೂಯಿಸ್‌ನ ಮನೆಯಲ್ಲೇ ಮುದ್ರಿಸಿಕೊಂಡಿದ್ದರು. ಆ ಮಂಕು ಶಬ್ದದಿಂದಲೇ ಅದು ನಿಜವಾಗಿಯೂ ದೂರದ ಕರೆಯ ಹಾಗೆ ಕೇಳುತ್ತದೆ. ಸ್ಟುಡಿಯೊದ ಹೊಳಪು ಬಂದ ಮೇಲೆ ಆ ದೂರ ಹೋಯಿತು.

ಹಾಗಾಗಿ ನಿಜವಾದ ಪೈಪೋಟಿ ಉಳಿದೆರಡರ ನಡುವೆ. ಎರಡೂ ಚೆಸ್ ಮೂಲಗಳೇ.

‘ಟ್ವೆಂಟಿ-ಎಯ್ಟ್’ 1955ರಿಂದ 1965ರವರೆಗೆ ಹಾಡುಗಳನ್ನು ಕಾಲದ ಸಾಲಿನಲ್ಲೇ ಜೋಡಿಸಿದೆ. ‘ಜಾನಿ ಬಿ. ಗುಡ್’ ಇದೆ, 1977ರಲ್ಲಿ ವಾಯೇಜರ್ ನೌಕೆಯ ಚಿನ್ನದ ಲೇಪದ ಧ್ವನಿತಟ್ಟೆಯಲ್ಲಿ ಬಾಹ್ಯಾಕಾಶಕ್ಕೆ ಹೋದ ಹಾಡು. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರು ತಮ್ಮ ಮೊದಲ ಸಿಂಗಲ್‌ಗೆ (ಬಿಡಿ ಹಾಡಿನ ರೆಕಾರ್ಡ್‌ಗೆ) ಎತ್ತಿಕೊಂಡ ‘ಕಮ್ ಆನ್’ ಇದೆ. ‘ಹವಾನಾ ಮೂನ್’ ಇದೆ, ನಿಧಾನದ ವಿಚಿತ್ರ ಹಾಡು, ನನಗೆ ಬಲು ಇಷ್ಟ. ಒಂದೊಂದೂ ಎರಡೂವರೆ ನಿಮಿಷದ ಆಸುಪಾಸು. ಬೇಸರ ಆಗುವಷ್ಟರಲ್ಲಿ ಮುಂದಿನ ಹಾಡು ಶುರು.

ಆದರೆ ‘ಯು ನೆವರ್ ಕ್ಯಾನ್ ಟೆಲ್’ ಇಲ್ಲ! ‘ಪ್ರಾಮಿಸ್ಡ್ ಲ್ಯಾಂಡ್’ ಕೂಡ ಇಲ್ಲ. ಎರಡೂ 1964ರ ಹಾಡುಗಳು. ಇದನ್ನು ಕ್ಷಮಿಸೋದು ಕಷ್ಟ. ಎರಡನೆಯದನ್ನು ಬೆರ್ರಿ ಬರೆದದ್ದು ಜೈಲಿನಲ್ಲಿ: ವರ್ಜೀನಿಯಾದ ನಾರ್ಫೋಕ್‌ನಿಂದ ಹೊರಟ ಬಡಹುಡುಗ ಬಸ್ಸು, ರೈಲು, ವಿಮಾನ ಹಿಡಿದು ಲಾಸ್ ಏಂಜಲೀಸ್ ಮುಟ್ಟಿ ಊರಿಗೆ ಫೋನ್ ಮಾಡುತ್ತಾನೆ. ಬಸ್ಸು ಕೆಡುವುದು ಅಲಬಾಮಾದಲ್ಲಿ. ವರ್ಣಭೇದದ ಆ ದಿನಗಳಲ್ಲಿ ಅಲ್ಲಿ ಕರಿಯರ ಪಾಡು ಎಂಥದ್ದು ಅಂತ ಹಾಡು ಹೇಳುವುದಿಲ್ಲ, ಕೇಳುವವರಿಗೆ ಗೊತ್ತಿತ್ತು.

‘ಡೆಫಿನಿಟಿವ್’ನಲ್ಲಿ ಈ ಎರಡೂ ಇವೆ. ಹೊಸದಾಗಿ ಕೇಳುವವರಿಗೆ ನಾನು ಇದನ್ನೇ ಕೊಡುತ್ತೇನೆ. ತೊಂದರೆ ‘ಮೈ ಡಿಂಗ್-ಎ-ಲಿಂಗ್’, 1972ರ ಪೋಲಿ ಹಾಡು, ಇಂಗ್ಲೆಂಡಿನ ಕವೆಂಟ್ರಿಯಲ್ಲಿ ವೇದಿಕೆ ಮೇಲೆ ಮುದ್ರಿಸಿದ್ದು. ಅಮೆರಿಕದ ಪಾಪ್ ಪಟ್ಟಿಯಲ್ಲಿ ಅವರನ್ನು ಒಂದನೇ ಸ್ಥಾನಕ್ಕೆ ಏರಿಸಿದ್ದು ಇದೊಂದೇ. ಜನ ಜೊತೆಗೂಡಿ ಹಾಡುವುದು ಮೊದಲ ಸಲ ತಮಾಷೆ, ಆಮೇಲೆ ಸುಮ್ನೆ ಮುಂದೆ ಒತ್ತಬೇಕು.

ನಾನು ದಿನಾ ಕೇಳೋದು ‘ಟ್ವೆಂಟಿ-ಎಯ್ಟ್’ ಅನ್ನೇ, ಬಿಟ್ಟುಹೋದ ಆ ಎರಡನ್ನು ಪ್ಲೇಲಿಸ್ಟ್‌ನಲ್ಲಿ ‘ನೋ ಪರ್ಟಿಕ್ಯುಲರ್ ಪ್ಲೇಸ್ ಟು ಗೋ’ ಆದಮೇಲೆ ತೂರಿಸಿಕೊಂಡು. ನೀವು ಬೇರೆ ಯಾವುದೋ ಹಿಟ್ಸ್ ಆಲ್ಬಮ್ ಕೊಳ್ಳುವುದಾದರೆ ಪಟ್ಟಿಯಲ್ಲಿ ‘ಕ್ಲಬ್ ನಿಟ್ಟಿ ಗ್ರಿಟ್ಟಿ’ ಇದೆಯಾ ನೋಡಿ. ಅದು ‘ಗೋಲ್ಡನ್ ಹಿಟ್ಸ್’ನ ಒಂದೇ ಒಂದು ಹೊಸ ಹಾಡು. ಅದಿದ್ದರೆ ಉಳಿದವೂ ಮರ್ಕ್ಯುರಿ ಮರುಮುದ್ರಣಗಳೇ ಇರಬಹುದು, ಒಂದೆರಡು ಕೇಳಿ ನೋಡಿಯೇ ದುಡ್ಡು ಕೊಡಿ.