‘ಫಿಲ್ಮ್ ಮೇಲೂ ಹೊಡೆಯುತ್ತೆ ಸಾರ್’ ಎಂಬ ಮಾತು ನಂಬಿ ಪ್ರಿಂಟರ್ ಕೊಳ್ಳಬೇಡಿ

ಪಿಸಿಬಿ, ಅಂದರೆ ತಾಮ್ರದ ಗೆರೆಗಳಿರುವ ಎಲೆಕ್ಟ್ರಾನಿಕ್ ಬೋರ್ಡಿನ ಕೆಲಸಕ್ಕೆ ಪಾರದರ್ಶಕ ಫಿಲ್ಮ್ ಮುದ್ರಿಸಿಕೊಳ್ಳಲು ಲೇಸರ್ ಪ್ರಿಂಟರ್ ಕೊಳ್ಳಬೇಕೆಂದಿರುವವರು ಹಣ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ನಾನು ಕೊಂಡ ಯಂತ್ರ ಇವತ್ತು ಡೆಲಿವರಿ ಚಲನ್ ಮುದ್ರಿಸುವುದಕ್ಕೂ ಯೋಗ್ಯವಾಗಿ ಉಳಿದಿಲ್ಲ. ದೂರು ಇತ್ಯರ್ಥವಾಗುವ ತನಕ ಅಂಗಡಿಯ ಹೆಸರು ಹೇಳುವುದಿಲ್ಲ, ಆದರೆ ನಡೆದದ್ದನ್ನು ಹೇಳದೆ ಬಿಡುವುದೂ ಇಲ್ಲ.

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಘಟಕವಿದೆ. ಮೋಟಾರ್ ಕಂಟ್ರೋಲ್ ಕಾರ್ಡುಗಳ ಸ್ಯಾಂಪಲ್ ಬೋರ್ಡುಗಳನ್ನು ನಾನೇ ಮಾಡಿಕೊಳ್ಳುತ್ತೇನೆ. ಅದಕ್ಕೆ ಬೇಕಾದ ಫಿಲ್ಮನ್ನು ಮೊದಲು ಆಫ್‌ಸೆಟ್ ಪ್ರೆಸ್‌ಗಳಿಗೆ ಫಿಲ್ಮ್ ತೆಗೆದುಕೊಡುವವರ ಬಳಿ 2400 ಡಿಪಿಐನಲ್ಲಿ, ಅಂದರೆ ಇಂಚಿಗೆ 2400 ಚುಕ್ಕೆಗಳಂತೆ, ತೆಗೆಸುತ್ತಿದ್ದೆ. ಪ್ರೆಸ್‌ಗಳೆಲ್ಲ ಫಿಲ್ಮ್ ಬಿಟ್ಟು ಕಂಪ್ಯೂಟರಿನಿಂದ ನೇರವಾಗಿ ಪ್ಲೇಟಿಗೆ ಹೋದ ಮೇಲೆ ಅವರೂ ಬಾಗಿಲು ಹಾಕಿದರು. ಹಾಗಾಗಿ ಪ್ರಿಂಟರ್ ಕೊಳ್ಳುವುದು ಅನಿವಾರ್ಯವಾಯಿತು.

ಅಂಗಡಿಯಲ್ಲಿ ನಾನು ಏನನ್ನೂ ಮುಚ್ಚಿಡಲಿಲ್ಲ. ಬೋರ್ಡು 160×100 ಮಿಲಿಮೀಟರ್, ಅತಿ ತೆಳುವಾದ ಟ್ರ್ಯಾಕ್ (ತಾಮ್ರದ ಗೆರೆ) 10 ಮಿಲ್, ಅಂದರೆ 0.254 ಮಿಲಿಮೀಟರ್, ಕಪ್ಪಿನಲ್ಲಿ ಬೆಳಕು ತೂರಬಾರದು, ಅಳತೆ ತಪ್ಪಬಾರದು ಎಂದು ಕೌಂಟರಿನ ಮುಂದೆ ನಿಂತು ಬಿಡಿಸಿ ಹೇಳಿದ್ದೆ. ಅಂಗಡಿಯಾತ ಪೆಟ್ಟಿಗೆಯ ಮೇಲಿನ 1200 ಡಿಪಿಐ ಎಂಬ ಅಂಕಿಯನ್ನು ಬೆರಳಿನಿಂದ ತಟ್ಟಿ, “ಆರ್ಕಿಟೆಕ್ಟ್‌ಗಳೆಲ್ಲ ಇದನ್ನೇ ತಗೊಂಡು ಹೋಗ್ತಾರೆ ಸಾರ್, ಫಿಲ್ಮ್ ಮೇಲೂ ಸೂಪರಾಗಿ ಹೊಡೆಯುತ್ತೆ” ಎಂದ. ನನ್ನ ಪೆನ್ ಡ್ರೈವಿನಲ್ಲಿದ್ದ ಫೈಲನ್ನೇ ಒಮ್ಮೆ ಮುದ್ರಿಸಿ ತೋರಿಸಿ ಎಂದರೆ, “ಹೊರಗಿನ ಪೆನ್ ಡ್ರೈವ್ ಹಾಕಂಗಿಲ್ಲ ಸಾರ್, ವೈರಸ್ ಬರುತ್ತೆ” ಎಂದು ತನ್ನ ಕಂಪ್ಯೂಟರಿನಲ್ಲಿದ್ದ ಯಾವುದೋ ಮನೆಯ ಪ್ಲಾನನ್ನು ಫಿಲ್ಮಿನ ಮೇಲೆ ಮುದ್ರಿಸಿ, ಅದನ್ನು ಒಂದು ಬಿಳಿ ಹಾಳೆಯ ಮೇಲಿಟ್ಟು ನನ್ನ ಮುಂದೆ ಸರಿಸಿದ. ಗೆರೆಗಳು ಅಚ್ಚುಕಟ್ಟಾಗಿಯೇ ಕಂಡವು. ಕಾಣದೆ ಇನ್ನೇನು? ಮನೆಯ ಪ್ಲಾನಿನಲ್ಲಿ ಇರುವುದೇ ತೆಳುಗೆರೆಗಳು, ಅಂಗೈಯಗಲದ ಕಪ್ಪು ಎಲ್ಲಿಯೂ ಇರುವುದಿಲ್ಲ, ಮೇಲಾಗಿ ಅಡಿಯಲ್ಲಿ ಬಿಳಿ ಹಾಳೆಯಿದ್ದರೆ ಬೂದು ಬಣ್ಣವೂ ಕಪ್ಪಾಗಿಯೇ ತೋರುತ್ತದೆ. ಆ ಬಿಳಿ ಹಾಳೆಯನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಡ್ರೈ ಫಿಲ್ಮ್, ಅಂದರೆ ತಾಮ್ರದ ಮೇಲೆ ಅಂಟಿಸುವ, ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ಪದರ, ಬಳಸುವವರಿಗೆ ಗೊತ್ತಿರುವಂತೆ ನಮಗೆ ಬೇಕಾದದ್ದು ನೆಗೆಟಿವ್. ಟ್ರ್ಯಾಕುಗಳು ಪಾರದರ್ಶಕ, ಉಳಿದ ನೆಲವೆಲ್ಲ ಕಪ್ಪು. ವರ್ಕ್‌ಶಾಪಿನಲ್ಲಿ ಡೆನ್ಸಿಟಿಯನ್ನು ಪೂರ್ತಿ ಏರಿಸಿ, ಟೋನರ್ ಉಳಿತಾಯವನ್ನು ತೆಗೆದುಹಾಕಿ ಮುದ್ರಿಸಿದ ಮೊದಲ ಹಾಳೆಯನ್ನು ಎಕ್ಸ್‌ಪೋಷರ್ ಪೆಟ್ಟಿಗೆಯ ಬೆಳಕಿಗೆ ಹಿಡಿದೆ. ಕಪ್ಪಿನ ಹಿಂದಿದ್ದ ನನ್ನ ಬೆರಳುಗಳ ಆಕಾರ ಈಚೆಯಿಂದ ಕಾಣುತ್ತಿತ್ತು. ದೊಡ್ಡ ಕಪ್ಪು ಭಾಗಗಳ ಅಂಚು ಗಾಢವಾಗಿದ್ದು ನಡುಭಾಗ ತೆಳುವಾಗಿತ್ತು, ಉದ್ದಕ್ಕೂ ಸೂಜಿಮೊನೆಯಂಥ ತೂತುಗಳು. ಆ ತೂತುಗಳಲ್ಲಿ ತೂರಿದ ಬೆಳಕಿಗೆ ಡ್ರೈ ಫಿಲ್ಮ್ ಅಲ್ಲಲ್ಲಿ ಗಟ್ಟಿಯಾಗಿ, ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆದರೂ ಹೋಗದೆ, ಫೆರಿಕ್ ಕ್ಲೋರೈಡಿನಲ್ಲಿ ಬೇಡದ ತಾಮ್ರವನ್ನು ಕರಗಿಸಿದಾಗ ಟ್ರ್ಯಾಕುಗಳ ನಡುವೆ ತಾಮ್ರದ ಚುಕ್ಕೆಗಳು ಹಾಗೆಯೇ ಉಳಿದಿದ್ದವು. ಒಂದೊಂದನ್ನೂ ಬ್ಲೇಡಿನಿಂದ ಕೆರೆಯಬೇಕಾಯಿತು.

ಅಳತೆಯ ಕಥೆ ಇದಕ್ಕಿಂತ ಕೆಟ್ಟದ್ದು. ಅಡ್ಡಕ್ಕೆ 100 ಮಿಲಿಮೀಟರ್ ಸರಿಯಾಗಿಯೇ ಬರುತ್ತಿತ್ತು. ಉದ್ದಕ್ಕೆ 160 ಬರಬೇಕಾದ ಕಡೆ 159.2, ಅದರ ಬೆನ್ನಿಗೇ ತೆಗೆದ ಹಾಳೆಯಲ್ಲಿ 159.6. ಚಿತ್ರವನ್ನು ಹಾಳೆಗೆ ಹೊಂದಿಸಿ ಹಿಗ್ಗಿಸುವ-ಕುಗ್ಗಿಸುವ ‘ಫಿಟ್ ಟು ಪೇಜ್’ ಆಯ್ಕೆಯನ್ನು ತೆಗೆದಿದ್ದಿರಾ ಎಂದು ಕೇಳಲು ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ, ತೆಗೆದಿದ್ದೆ. ನುಣುಪಾದ ಫಿಲ್ಮ್ ರೋಲರಿನಡಿ ಜಾರಿದರೆ ಚಿತ್ರ ಕುಗ್ಗುತ್ತದೆ, ಟೋನರನ್ನು ಕರಗಿಸಿ ಅಂಟಿಸುವ ಫ್ಯೂಸರಿನ ಶಾಖಕ್ಕೆ ಫಿಲ್ಮ್ ತಾನೂ ಕುಗ್ಗುತ್ತದೆ. ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದರೆ ಫೈಲನ್ನೇ ಅಷ್ಟು ಹಿಗ್ಗಿಸಿ ಸರಿಪಡಿಸಿಕೊಳ್ಳಬಹುದಿತ್ತು, ಆದರೆ ಹಾಳೆಯಿಂದ ಹಾಳೆಗೆ ಬದಲಾಗುವ ತಪ್ಪಿಗೆ ಯಾವ ಲೆಕ್ಕವೂ ಕೂಡುವುದಿಲ್ಲ. ಡ್ರಿಲ್ ಮಾಡುವುದು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರವಾದ್ದರಿಂದ ತೂತುಗಳು ಸರಿಯಾದ ಜಾಗದಲ್ಲಿದ್ದು, ಪ್ಯಾಡುಗಳು, ಅಂದರೆ ತೂತಿನ ಸುತ್ತಲಿನ ತಾಮ್ರದ ಬಿಲ್ಲೆಗಳು, ಮಾತ್ರ ಹಿಂದೆ ಸರಿಯುತ್ತಾ ಹೋಗಿ, ಬೋರ್ಡಿನ ಕೊನೆಯ ಸಾಲಿನಲ್ಲಿ ತೂತು ಪ್ಯಾಡಿನ ಅಂಚನ್ನೇ ಕಚ್ಚಿಕೊಂಡು ಹೋಗಿತ್ತು. ಗಿರಾಕಿ ಆ ಬೋರ್ಡನ್ನು ಕೈಯಲ್ಲಿ ತಿರುಗಿಸಿ ನೋಡಿ, ಏನೂ ಮಾತನಾಡದೆ ಮೇಜಿನ ಮೇಲಿಟ್ಟರು. ಬೈದಿದ್ದರೆ ವಾಸಿಯಿತ್ತು.

ಫಿಲ್ಮುಗಳನ್ನೂ ಸ್ಟೀಲ್ ಸ್ಕೇಲನ್ನೂ ಹಿಡಿದುಕೊಂಡು ಅಂಗಡಿಗೆ ಹೋದಾಗ ಸಿಕ್ಕ ಉತ್ತರ: “ಅರ್ಧ ಮಿಲಿಮೀಟರಿಗೆಲ್ಲ ಯಾರು ಸಾರ್ ತಲೆ ಕೆಡಿಸ್ಕೋತಾರೆ?” ಆಮೇಲೆ ದೋಷವೆಲ್ಲ ನನ್ನ ಫಿಲ್ಮಿನದು ಎಂದಾಯಿತು. “ನಮ್ಮತ್ರ ಲೇಸರ್‌ಗೇ ಅಂತ ಬರೋ ಶೀಟ್ ಇದೆ, ಇದನ್ನ ಹಾಕಿ ನೋಡಿ” ಎಂದು ಒಂದು ಪ್ಯಾಕೆಟ್ಟನ್ನು, ಅದಕ್ಕೂ ಹಣ ತೆಗೆದುಕೊಂಡೇ, ಕೊಟ್ಟು ಕಳಿಸಿದ. ಅದು ಪುಸ್ತಕಕ್ಕೆ ಬೈಂಡಿಂಗ್ ಮಾಡುವಾಗ ಮೇಲೆ ಹಾಕುವ ಪ್ಲಾಸ್ಟಿಕ್ ಹಾಳೆ. ಒಳಗೆ ಹೋದದ್ದು ಹೊರಗೆ ಬರಲಿಲ್ಲ, ಫ್ಯೂಸರಿಗೆ ಸುತ್ತಿಕೊಂಡು ಕರಗಿ ಕೂತಿತು. ಫೋನ್ ಮಾಡಿದರೆ ಅದೇ ಮನುಷ್ಯ, ಅದೇ ಬಾಯಿಂದ, “ಪ್ಲಾಸ್ಟಿಕ್ ಯಾಕೆ ಹಾಕಿದ್ರಿ ಸಾರ್? ಇನ್ನು ವಾರಂಟಿ ಬರಲ್ಲ” ಎಂದ. ಅವನೇ ಕೊಟ್ಟ ಪ್ಯಾಕೆಟ್ಟು! ಅವನೇ ಹೇಳಿ ಹಾಕಿಸಿದ್ದು!

ಸರ್ವಿಸ್ ಸೆಂಟರಿನವರು ಇನ್ನೊಂದು ವಿಷಯ ತೋರಿಸಿದರು. ಆ 1200ರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಎಫೆಕ್ಟಿವ್’ ಎಂದಿತ್ತು, ಯಂತ್ರದ ನಿಜವಾದ ಸಾಮರ್ಥ್ಯ 600×600. ಹಾಗೆ ನೋಡಿದರೆ 600 ಆದರೂ ನನಗೆ ಸಾಕಾಗುತ್ತಿತ್ತು. ಒಂದು ಚುಕ್ಕೆಯ ಅಂತರ 0.042 ಮಿಲಿಮೀಟರ್, ನನ್ನ ಅತಿ ತೆಳು ಟ್ರ್ಯಾಕಿನ ಅಗಲಕ್ಕೆ ಆರು ಚುಕ್ಕೆಗಳು ಬೀಳುತ್ತವೆ. ನಾನು ಕೇಳಿದ್ದು ಕಪ್ಪಿನ ಗಾಢತೆ ಮತ್ತು ಅಳತೆ, ಅಂಗಡಿಯಾತ ಉದ್ದಕ್ಕೂ ಉತ್ತರಿಸಿದ್ದು ಡಿಪಿಐ. ಕೊನೆಗೆ ಹಣ ವಾಪಸ್ ಕೇಳಿದಾಗ ಬಿಲ್ಲನ್ನು ನನ್ನ ಕಡೆ ತಿರುಗಿಸಿ ಹೇಳಿದ ಮಾತು ಇದು: “ಬಿಲ್ಲಲ್ಲಿ ಪ್ರಿಂಟರ್ ಅಂತಿದೆ. ಫಿಲ್ಮ್ ಪ್ರಿಂಟರ್ ಅಂತ ಎಲ್ಲಾದ್ರೂ ಇದ್ಯಾ ಸಾರ್?” ಸುತ್ತ ನಿಂತಿದ್ದ ಗಿರಾಕಿಗಳ ಮುಂದೆ ಆತ ಅದನ್ನು ನಗುತ್ತಲೇ ಹೇಳಿದ.

ಆದ್ದರಿಂದ ನಿಮ್ಮ ಫೈಲನ್ನು, ನಿಮ್ಮದೇ ಫಿಲ್ಮಿನ ಮೇಲೆ, ಅಂಗಡಿಯಲ್ಲೇ ಸಾಲಾಗಿ ಎರಡು ಹಾಳೆ ಮುದ್ರಿಸಿಕೊಡದವನ ಬಳಿ ವ್ಯವಹಾರ ಬೇಡ. ಆ ಎರಡನ್ನೂ ಒಂದರ ಮೇಲೊಂದಿಟ್ಟು ಟ್ಯೂಬ್‌ಲೈಟಿಗೆ ಹಿಡಿಯಿರಿ, ಬಿಳಿ ಹಾಳೆಯನ್ನು ಹತ್ತಿರಕ್ಕೂ ಸೇರಿಸಬೇಡಿ. ‘ಪಾರದರ್ಶಕ ಪಾಲಿಯೆಸ್ಟರ್ ಫಿಲ್ಮ್ ಮುದ್ರಣಕ್ಕೆ’ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಈಗ ನಾನು ಗೆಳೆಯರೊಬ್ಬರ ಇಂಕ್‌ಜೆಟ್ಟಿನಲ್ಲಿ ಕೆಲಸ ಸಾಗಿಸುತ್ತಿದ್ದೇನೆ. ಅದರಲ್ಲಿ ಫ್ಯೂಸರಿನ ಶಾಖವಿಲ್ಲದ್ದರಿಂದ ಅಳತೆ ನಿಲ್ಲುತ್ತದೆ, ಆದರೆ ಶಾಯಿ ಹೀರುವ ಲೇಪನವಿರುವ ಫಿಲ್ಮೇ ಬೇಕು, ಬರೀ ಫಿಲ್ಮಿನ ಮೇಲೆ ಶಾಯಿ ಹನಿಗಟ್ಟುತ್ತದೆ. ಆ ಲೇಪನದ ಫಿಲ್ಮನ್ನು ಅಪ್ಪಿತಪ್ಪಿಯೂ ಲೇಸರಿಗೆ ಹಾಕಬೇಡಿ.

“ವ್ಯಾಪಾರಕ್ಕೆ ತಗೊಂಡಿದ್ದಕ್ಕೆ ಗ್ರಾಹಕರ ಕೋರ್ಟ್ ಇಲ್ಲ ಸಾರ್” ಎಂದೂ ಆತ ಹೆದರಿಸಿದ್ದಾನೆ. ಸ್ವಂತ ಉದ್ಯೋಗದಿಂದ ಜೀವನೋಪಾಯ ಮಾಡುವುದಕ್ಕಷ್ಟೇ ಕೊಂಡವನನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕನೆಂದೇ ಪರಿಗಣಿಸುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಬಿಲ್ಲು, ಎರಡು ಅಳತೆಯ ಫಿಲ್ಮುಗಳು, ಉಳಿದ ಬೈಂಡಿಂಗ್ ಹಾಳೆಗಳ ಪ್ಯಾಕೆಟ್ಟು ಎಲ್ಲವನ್ನೂ ತೆಗೆದಿಟ್ಟಿದ್ದೇನೆ. ಅವರ ಉತ್ತರ ಏನು ಬಂತೆಂದು ಮುಂದೆ ಬರೆಯುತ್ತೇನೆ.